ಸ್ಟೀಮ್, ಹೈವ್ ವೇದಿಕೆಗಳಲ್ಲಿ ತಾನಾಗಿಯೇ ಮತ ಹಾಕುವ ಬಾಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಲಾಕ್‌ಚೈನ್ (ಬ್ಲಾಕ್ ಎಂಬ ಕಂತುಗಳನ್ನು ಅಳಿಸಲಾಗದಂತೆ ಒಂದಕ್ಕೊಂದು ಜೋಡಿಸಿದ ದಾಖಲೆಗಳ ಸರಪಳಿ) ಮೇಲೆ ನಡೆಯುವ ಸಾಮಾಜಿಕ ಜಾಲತಾಣಗಳಲ್ಲಿ ಸ್ಟೀಮ್ ಮತ್ತು ಅದರಿಂದ ಬೇರ್ಪಟ್ಟ ಹೈವ್ ಬಹುಕಾಲದಿಂದ ನಡೆದುಕೊಂಡು ಬಂದಿವೆ. ಇವುಗಳಿಗೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಬರಹ ಪ್ರಕಟವಾದ ಕೆಲವೇ ನಿಮಿಷಗಳಲ್ಲಿ ಹತ್ತಾರು ಮತಗಳು ಬಂದಿರುತ್ತವೆ, ಓದಿದವರು ಮಾತ್ರ ಕಾಣುವುದಿಲ್ಲ. ಇನ್ನು ಕೆಲವರಿಗೆ ಯಾರೆಂದು ಗೊತ್ತಿಲ್ಲದ ಖಾತೆಯಿಂದ ಡೌನ್‌ವೋಟ್, ಅಂದರೆ ವಿರೋಧದ ಮತ, ಬೀಳುತ್ತದೆ. ಇಂಥವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ನನ್ನ ಅಭಿಪ್ರಾಯವನ್ನೂ ಮುಚ್ಚಿಟ್ಟಿಲ್ಲ: ಬಾಟ್ ಬೇಕೇ ಬೇಡವೇ ಎಂಬುದಕ್ಕಿಂತ, ಅದು ಹಾಕಿದ ಮತಕ್ಕೆ ಉತ್ತರ ಹೇಳುವವರು ಯಾರು ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಇಲ್ಲಿನ ಮತಕ್ಕೂ ಬೇರೆ ಕಡೆಯ ಲೈಕ್‌ಗೂ ಏನು ವ್ಯತ್ಯಾಸ?

ಇಲ್ಲಿನ ಮತಕ್ಕೆ ಹಣದ ತೂಕವಿದೆ. ಸ್ಟೀಮ್ ಆರಂಭವಾದದ್ದು 2016ರ ಮಾರ್ಚ್‌ನಲ್ಲಿ. ಬರಹಗಾರರಿಗೆ ಮೊದಲ ಸಲ ಹಣ ಹಂಚಿದ್ದು ಅದೇ ವರ್ಷ ಜುಲೈ 4ರಂದು. ವ್ಯವಸ್ಥೆ ನಿರಂತರವಾಗಿ ಹೊಸ ಟೋಕನ್‌ಗಳನ್ನು (ವೇದಿಕೆಯ ಸ್ವಂತ ಡಿಜಿಟಲ್ ನಾಣ್ಯಗಳನ್ನು) ಸೃಷ್ಟಿಸುತ್ತದೆ. ಅದರಲ್ಲಿ ಒಂದು ಭಾಗ ಎಲ್ಲರಿಗೂ ಸೇರಿದ ಬಹುಮಾನದ ನಿಧಿಗೆ ಹೋಗುತ್ತದೆ. ಆ ನಿಧಿಯಲ್ಲಿ ಯಾವ ಬರಹಕ್ಕೆ ಎಷ್ಟು ಎಂಬುದನ್ನು ಮತಗಳು ತೀರ್ಮಾನಿಸುತ್ತವೆ. ಮತದ ತೂಕ ಮತದಾರನು ಬೀಗ ಹಾಕಿ ಇಟ್ಟ ಟೋಕನ್‌ಗಳನ್ನು ಅವಲಂಬಿಸಿದೆ. ಸ್ಟೀಮ್‌ನಲ್ಲಿ ಅದಕ್ಕೆ ಸ್ಟೀಮ್ ಪವರ್ ಎಂದೂ ಹೈವ್‌ನಲ್ಲಿ ಹೈವ್ ಪವರ್ ಎಂದೂ ಹೆಸರು. ಬೀಗ ತೆಗೆದು ಟೋಕನ್‌ಗಳನ್ನು ಪೂರ್ತಿ ಹಿಂಪಡೆಯಲು ಹೈವ್‌ನಲ್ಲಿ 13 ವಾರ ಬೇಕು.

ಹಾಗಾಗಿ ನಿಮ್ಮ ಬರಹಕ್ಕೆ ಮೂರು ಮತ ಬಂದಿವೆಯೋ ಮುನ್ನೂರು ಬಂದಿವೆಯೋ ಎಂಬುದರಿಂದ ಏನೂ ತಿಳಿಯುವುದಿಲ್ಲ. ದೊಡ್ಡ ಪಾಲುದಾರನೊಬ್ಬನ ಒಂದೇ ಮತ ಸಾವಿರ ಸಣ್ಣ ಖಾತೆಗಳ ಮತಗಳಿಗಿಂತ ಭಾರವಾಗಿರಬಹುದು. ಅದೇ ರೀತಿ, ಒಬ್ಬನು ತನ್ನ ಪಾಲನ್ನು ನೂರು ನಕಲಿ ಖಾತೆಗಳಿಗೆ ಹಂಚಿದರೂ ಒಟ್ಟು ತೂಕ ಹೆಚ್ಚುವುದಿಲ್ಲ.

ಬಾಟ್ ಎಂದರೆ ನಿಜವಾಗಿ ಏನು?

ಒಂದು ಖಾತೆಯ ಪೋಸ್ಟಿಂಗ್ ಕೀ (ಬರೆಯಲು, ಮತ ಹಾಕಲು ಬೇಕಾದ ಗುಪ್ತ ಕೀಲಿ) ಹಿಡಿದುಕೊಂಡು ಕೆಲಸ ಮಾಡುವ ಸಣ್ಣ ಪ್ರೋಗ್ರಾಂ. ಈ ಸರಪಳಿಗಳಲ್ಲಿ 3 ಸೆಕೆಂಡಿಗೊಂದು ಬ್ಲಾಕ್ ಹುಟ್ಟುತ್ತದೆ. ಬಾಟ್ ಪ್ರತಿ ಬ್ಲಾಕನ್ನೂ ತೆರೆದು, ಹೊಸ ಬರಹ ಅಥವಾ ಪ್ರತಿಕ್ರಿಯೆ ಇದೆಯೇ ಎಂದು ನೋಡುತ್ತದೆ. ಇದ್ದರೆ ಲೇಖಕ ಯಾರು, ಟ್ಯಾಗ್ ಯಾವುದು, ಉದ್ದವೆಷ್ಟು, ಒಳಗೆ ಯಾವ ಕೊಂಡಿಗಳಿವೆ ಎಂದು ತನ್ನ ನಿಯಮಗಳಿಗೆ ಹೋಲಿಸುತ್ತದೆ. ನಿಯಮಕ್ಕೆ ಸರಿಹೊಂದಿದರೆ ಮತದ ಆದೇಶಕ್ಕೆ ಸಹಿ ಹಾಕಿ ಕಳುಹಿಸುತ್ತದೆ. ತೂಕ ಮೈನಸ್ 10000ದಿಂದ 10000ದವರೆಗೆ ಇರಬಹುದು. 10000 ಎಂದರೆ ಪೂರ್ಣ ಅಪ್‌ವೋಟ್, ಮೈನಸ್ 10000 ಎಂದರೆ ಪೂರ್ಣ ಡೌನ್‌ವೋಟ್.

ಇಷ್ಟೇ ವಿಷಯ. ಬಾಟ್‌ಗೆ ಬ್ಲಾಕ್‌ಚೈನ್‌ನಲ್ಲಿ ವಿಶೇಷ ಅಧಿಕಾರವೇನೂ ಇಲ್ಲ. ಮನುಷ್ಯನು ಬೆರಳಿನಿಂದ ಒತ್ತಿದ ಮತಕ್ಕೂ ಯಂತ್ರ ಹಾಕಿದ ಮತಕ್ಕೂ ಸರಪಳಿಯ ಕಡತದಲ್ಲಿ ಒಂದೇ ರೂಪ.

ಹಾಗಾದರೆ ಬಾಟ್‌ಗಳನ್ನು ನಿಷೇಧಿಸಬಾರದೇಕೆ?

ನಿಷೇಧಿಸುವವರು ಯಾರು ಎಂದು ಯೋಚಿಸಿ ನೋಡಿ. ಬ್ಲಾಕ್ ಬರೆಯಲು ಪಾಲುದಾರರು ಮತ ಹಾಕಿ ಆರಿಸುವ ವಿಟ್ನೆಸ್‌ಗಳಿಗೆ ಕಾಣುವುದು ಸರಿಯಾದ ಸಹಿಯುಳ್ಳ ಆದೇಶ ಮಾತ್ರ. ಸಹಿಯ ಹಿಂದೆ ಯಾರಿದ್ದಾರೆ ಎಂಬುದು ಅವರಿಗೆ ತಿಳಿಯುವುದಿಲ್ಲ. ಕ್ಯಾಪ್ಚಾ (ಮನುಷ್ಯರೇ ಹೌದೇ ಎಂದು ಪರೀಕ್ಷಿಸುವ ಒಗಟು) ಇಡೋಣ ಎಂದರೆ ಅದನ್ನು ಒಂದು ಜಾಲತಾಣದ ಪುಟದಲ್ಲಿ ಇಡಬಹುದು. ಸರಪಳಿಗೆ ನೇರವಾಗಿ ಆದೇಶ ಕಳುಹಿಸುವವರನ್ನು ಅದು ತಡೆಯುವುದಿಲ್ಲ. ಬಾಟ್‌ಗಳು ಇದ್ದೇ ಇರುತ್ತವೆ ಎಂದು ಒಪ್ಪಿಕೊಂಡು, ಅವುಗಳಿಗೆ ಯಾವ ನಡತೆ ಲಾಭ ತರಬೇಕು, ಯಾವುದು ತರಬಾರದು ಎಂದು ನಿಯಮಗಳನ್ನು ರೂಪಿಸುವುದೊಂದೇ ದಾರಿ. ಹತ್ತಿರ ಹತ್ತಿರ ಒಂದು ದಶಕದಿಂದ ಈ ಸಮುದಾಯ ಅದನ್ನೇ ಮಾಡುತ್ತಾ ಬಂದಿದೆ, ಕೆಲವು ಸಲ ಬಹಳ ತಡವಾಗಿ.

ಬಾಟ್ ದಿನವಿಡೀ ಎಷ್ಟು ಬೇಕಾದರೂ ಮತ ಹಾಕಬಹುದೇ?

ಹಾಕಬಹುದು, ಆದರೆ ಮತಶಕ್ತಿ ಬರಿದಾಗುತ್ತಾ ಹೋಗುತ್ತದೆ. ಮನೆಯ ಮೇಲಿನ ನೀರಿನ ತೊಟ್ಟಿಯನ್ನು ನೆನೆಸಿಕೊಳ್ಳಿ: ಒಂದು ಪೂರ್ಣ ಮತಕ್ಕೆ ಸುಮಾರು ಶೇ. 2ರಷ್ಟು ಖರ್ಚಾಗುತ್ತದೆ, ದಿನಕ್ಕೆ ಶೇ. 20ರಷ್ಟು ತಾನಾಗಿಯೇ ತುಂಬುತ್ತದೆ. ಅಂದರೆ ದಿನಕ್ಕೆ ಸುಮಾರು 10 ಪೂರ್ಣ ಮತಗಳು, ಅಥವಾ 2.4 ಗಂಟೆಗೊಂದು. ಬರಿದಾದ ತೊಟ್ಟಿ ಪೂರ್ತಿ ತುಂಬಲು 5 ದಿನ ಬೇಕು. ಸಿಕ್ಕಸಿಕ್ಕಲ್ಲಿ ಮತ ಚೆಲ್ಲುವ ಬಾಟ್‌ನ ಮತಕ್ಕೆ ಬೆಲೆ ಉಳಿಯುವುದಿಲ್ಲ.

ಡೌನ್‌ವೋಟ್ ಬಿದ್ದರೆ ನನ್ನ ಬರಹ ಅಳಿಸಿಹೋಗುತ್ತದೆಯೇ?

ಇಲ್ಲ. ಬ್ಲಾಕ್‌ಚೈನ್‌ಗೆ ಹೋದ ಪಠ್ಯವನ್ನು ಯಾರೂ ಅಳಿಸಲಾರರು, ನೀವೂ ಅಳಿಸಲಾರಿರಿ. ತಿದ್ದಿದರೆ ಹೊಸ ರೂಪ ಕಾಣಿಸುತ್ತದೆ, ಹಳೆಯದು ಕಡತದಲ್ಲಿ ಇದ್ದೇ ಇರುತ್ತದೆ.

ಡೌನ್‌ವೋಟ್‌ನಿಂದ ಮೂರು ಪರಿಣಾಮಗಳಾಗಬಹುದು. ಮೊದಲನೆಯದು, ಬರಹಕ್ಕೆ ಬರಬೇಕಾದ ಬಹುಮಾನ ಕಡಿಮೆಯಾಗಿ ಆ ಮೊತ್ತ ಎಲ್ಲರ ನಿಧಿಗೆ ಮರಳುತ್ತದೆ. ಎರಡನೆಯದು, ಅಪ್‌ವೋಟ್‌ಗಳಿಗಿಂತ ಡೌನ್‌ವೋಟ್‌ಗಳ ತೂಕ ಹೆಚ್ಚಾದರೆ ಜಾಲತಾಣದ ಪುಟ ಆ ಬರಹವನ್ನು ಮಸುಕಾಗಿಸುತ್ತದೆ ಅಥವಾ ಮಡಚಿ ಇಡುತ್ತದೆ. ಮೂರನೆಯದು ಖ್ಯಾತಿಯ ಅಂಕಕ್ಕೆ ಸಂಬಂಧಿಸಿದ್ದು. ಹೊಸ ಖಾತೆಯ ಅಂಕ 25ರಿಂದ ಶುರುವಾಗುತ್ತದೆ. ನಿಮಗಿಂತ ಹೆಚ್ಚು ಖ್ಯಾತಿಯುಳ್ಳ ಖಾತೆಗಳ ಡೌನ್‌ವೋಟ್ ಮಾತ್ರ ಅದನ್ನು ಇಳಿಸಬಲ್ಲದು. ಅಂಕ ಸೊನ್ನೆಗಿಂತ ಕೆಳಗಿಳಿದರೆ ನಿಮ್ಮ ಪ್ರತಿಕ್ರಿಯೆಗಳೆಲ್ಲ ಮಡಚಿಕೊಂಡೇ ಕಾಣಿಸುತ್ತವೆ.

ಮರೆಮಾಡುವ ನಿರ್ಧಾರ ಆಯಾ ಜಾಲತಾಣದ್ದು. ಹೈವ್‌ನ ಅದೇ ಬರಹವನ್ನು ಪೀಕ್‌ಡಿ ಎಂಬ ತಾಣ ಒಂದು ರೀತಿ, ಇಸೆನ್ಸಿ ಎಂಬ ತಾಣ ಇನ್ನೊಂದು ರೀತಿ ತೋರಿಸಬಹುದು. ಕಮ್ಯುನಿಟಿಗಳಿಗೆ, ಅಂದರೆ ವೇದಿಕೆಯೊಳಗಿನ ಗುಂಪುಗಳಿಗೆ, ತಮ್ಮದೇ ಮಾಡರೇಟರ್‌ಗಳಿದ್ದಾರೆ. ಅವರು ತಮ್ಮ ಅಂಗಳದಲ್ಲಿ ಬರಹವನ್ನು ಮ್ಯೂಟ್ ಮಾಡಬಹುದು. ಬಹುಮಾನ ಕಡಿತ ಮತ್ತು ಕಣ್ಮರೆ ಎರಡೂ ಬೇರೆ ಬೇರೆ ವಿಷಯಗಳು ಎಂಬುದನ್ನು ಮನಸ್ಸಿನಲ್ಲಿಡಿ. ‘ನನ್ನ ವಾಕ್‌ಸ್ವಾತಂತ್ರ್ಯ ಹೋಯಿತು’ ಎಂಬ ದೂರುಗಳಲ್ಲಿ ಹೆಚ್ಚಿನವು ವಾಸ್ತವವಾಗಿ ಬಹುಮಾನ ಹೋದ ದೂರುಗಳು. ಆ ದೂರನ್ನೂ ಹಗುರವಾಗಿ ಕಾಣಬಾರದು. ಆದರೆ ಅದಕ್ಕೆ ಸರಿಯಾದ ಹೆಸರಿಟ್ಟರೆ ಮಾತುಕತೆ ಮುಂದುವರಿಯುತ್ತದೆ.

ಕೃತಿಚೌರ್ಯ ಹಿಡಿಯುವ ಬಾಟ್‌ಗಳು ಹೇಗೆ ಕೆಲಸ ಮಾಡುತ್ತಿದ್ದವು?

ಸ್ಟೀಮ್‌ನಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಚೀತಾ ಎಂಬ ಬಾಟ್. ಹೊಸ ಬರಹದ ಪಠ್ಯ ಅಂತರ್ಜಾಲದಲ್ಲಿ ಬೇರೆಲ್ಲಾದರೂ ಇದೆಯೇ ಎಂದು ಹುಡುಕಿ, ಹೋಲಿಕೆ ಸಿಕ್ಕರೆ ಬರಹದ ಕೆಳಗೆ ಕೊಂಡಿ ಹಾಕುತ್ತಿತ್ತು. ಅದರ ಟಿಪ್ಪಣಿಯ ಧಾಟಿಯನ್ನು ಗಮನಿಸಬೇಕು. ತಾನು ರೋಬೋ ಎಂದು ಮೊದಲೇ ಹೇಳಿಕೊಂಡು, ನಿಮಗೊಂದು ಅಪ್‌ವೋಟ್ ಹಾಕಿದ್ದೇನೆ, ಓದುಗರಿಗೆ ಆಸಕ್ತಿ ಹುಟ್ಟಿಸಬಹುದಾದ ಇದೇ ಬಗೆಯ ಬರಹ ಇಲ್ಲಿದೆ ಎಂದಷ್ಟೇ ಸೂಚಿಸುತ್ತಿತ್ತು. ಕಳ್ಳ ಎಂದು ಕರೆಯುತ್ತಿರಲಿಲ್ಲ. ನಕಲು ಹೌದೇ ಅಲ್ಲವೇ ಎಂದು ನೋಡಿ ಡೌನ್‌ವೋಟ್ ಹಾಕುವ ಕೆಲಸವನ್ನು ಸ್ಟೀಮ್‌ಕ್ಲೀನರ್ಸ್‌ನಂತಹ ಗುಂಪುಗಳ ಮನುಷ್ಯರು ಮಾಡುತ್ತಿದ್ದರು. ಹೈವ್‌ನಲ್ಲಿ ಆ ಕೆಲಸ ಹೈವ್‌ವಾಚರ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು.

ಈ ಕೆಲಸದ ಹಂಚಿಕೆ ನನಗೆ ತುಂಬ ಇಷ್ಟ. ಯಂತ್ರಕ್ಕೆ ಚೆನ್ನಾಗಿ ಬರುವುದು ಹುಡುಕಾಟ, ಆದ್ದರಿಂದ ಹುಡುಕಾಟವನ್ನಷ್ಟೇ ಅದಕ್ಕೆ ಕೊಟ್ಟಿದ್ದರು. ಒಂದು ಲೇಖನ ಬೇರೆ ತಾಣದಲ್ಲೂ ಇದೆ ಎಂಬುದು ಪರೀಕ್ಷಿಸಿ ನೋಡಬಹುದಾದ ಸಂಗತಿ. ಲೇಖಕನು ಅದನ್ನು ಕದ್ದಿದ್ದಾನೆ ಎಂಬುದು ತೀರ್ಪು. ಈ ಎರಡರ ನಡುವಿನ ಅಂತರವನ್ನು ಯಂತ್ರ ದಾಟಬಾರದು.

ನನ್ನದೇ ಹಳೆಯ ಲೇಖನವನ್ನು ಹಾಕಿದ್ದಕ್ಕೆ ನಕಲು ಎಂಬ ಟಿಪ್ಪಣಿ ಬಂದಿದೆ. ಏನು ಮಾಡಲಿ?

ಗಾಬರಿಯಾಗಬೇಡಿ, ಜಗಳಕ್ಕೂ ಇಳಿಯಬೇಡಿ. ಹಳೆಯ ಜಾಗ ನಿಮ್ಮದೇ ಎಂದು ತೋರಿಸಿಕೊಡಿ. ನಿಮ್ಮ ಹಳೆಯ ತಾಣದಲ್ಲಿ ಹೈವ್ ಖಾತೆಯ ಹೆಸರು ಇರುವಂತೆ ಒಂದು ಸಾಲು ಸೇರಿಸಿ, ಅದರ ಕೊಂಡಿಯನ್ನು ಪರಿಶೀಲಿಸುವವರಿಗೆ ಕಳುಹಿಸುವುದು ಎಲ್ಲಕ್ಕಿಂತ ಸುಲಭ. ಮುಂದೆ ಹಳೆಯ ಬರಹ ಹಾಕುವಾಗ ಅದು ಮೊದಲು ಎಲ್ಲಿ ಬಂದಿತ್ತು ಎಂದು ತಲೆಬರಹದ ಕೆಳಗೇ ಬರೆಯಿರಿ.

ತಡ ಮಾತ್ರ ಮಾಡಬೇಡಿ. ಬರಹದ ಬಹುಮಾನ 7 ದಿನಕ್ಕೆ ಇತ್ಯರ್ಥವಾಗುತ್ತದೆ. ಅದರೊಳಗೆ ಡೌನ್‌ವೋಟ್ ಹಾಕಿದವರು ತಮ್ಮ ಮತವನ್ನು ಸೊನ್ನೆಗೆ ಇಳಿಸಿ ರದ್ದು ಮಾಡಬಹುದು. ಏಳು ದಿನ ಕಳೆದರೆ ಕ್ಷಮೆ ಕೇಳಬಹುದೇ ಹೊರತು ಹಣವನ್ನು ಹಿಂದಿರುಗಿಸುವ ದಾರಿ ಸರಪಳಿಯಲ್ಲಿಲ್ಲ. ಡೌನ್‌ವೋಟ್ ಬಾಟ್ ನಡೆಸುವವರು ಮೇಲ್ಮನವಿಗೆ ಬೇಗ ಉತ್ತರಿಸಲೇಬೇಕು ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಕನ್ನಡದಲ್ಲಿ ಬರೆದರೆ ಈ ಬಾಟ್‌ಗಳು ಅರ್ಥ ಮಾಡಿಕೊಳ್ಳುತ್ತವೆಯೇ?

ಪಠ್ಯ ಹೋಲಿಸುವ ಬಾಟ್ ಯಾವ ಭಾಷೆಯನ್ನೂ ಅರ್ಥ ಮಾಡಿಕೊಳ್ಳುವುದಿಲ್ಲ, ಅಕ್ಷರಗಳ ಸಾಲನ್ನು ಹೋಲಿಸುತ್ತದೆ. ಇದರಿಂದ ಕನ್ನಡದಲ್ಲಿ ಬರೆಯುವವರಿಗೆ ಎರಡು ಬಗೆಯ ತೊಡಕುಗಳಿವೆ. ಇಂಗ್ಲಿಷ್ ಲೇಖನವನ್ನು ಹೇಳದೆ ಕೇಳದೆ ಕನ್ನಡಕ್ಕೆ ಅನುವಾದಿಸಿ ಸ್ವಂತದ್ದೆಂದು ಹಾಕಿದರೆ ಅಕ್ಷರ ಹೋಲಿಕೆಯ ಬಾಟ್‌ಗೆ ಗೊತ್ತೇ ಆಗುವುದಿಲ್ಲ. ಹಳೆಯ ಮುದ್ರಿತ ಪುಸ್ತಕದಿಂದ ಎತ್ತಿದ ಪುಟಗಳೂ ಅಂತರ್ಜಾಲದಲ್ಲಿ ಇಲ್ಲದಿದ್ದರೆ ಸಿಕ್ಕಿಬೀಳುವುದಿಲ್ಲ. ಮತ್ತೊಂದು ಕಡೆ, ಒಬ್ಬರು ಬಸವಣ್ಣನವರ ಅಥವಾ ಅಕ್ಕಮಹಾದೇವಿಯವರ ವಚನವೊಂದನ್ನು ಪೂರ್ತಿಯಾಗಿ ಉಲ್ಲೇಖಿಸಿ ಅದರ ಮೇಲೆ ನಾಲ್ಕು ಪ್ಯಾರಾ ಸ್ವಂತ ವಿಚಾರ ಬರೆದರೆ, ಅದೇ ವಚನ ನೂರಾರು ಪುಟಗಳಲ್ಲಿ ಇರುವುದರಿಂದ ಹೋಲಿಕೆ ಸಿಕ್ಕೇ ಸಿಗುತ್ತದೆ. ಕದ್ದವನು ಪಾರಾಗುತ್ತಾನೆ, ಪ್ರಾಮಾಣಿಕವಾಗಿ ಉಲ್ಲೇಖಿಸಿದವನಿಗೆ ಟಿಪ್ಪಣಿ ಬೀಳುತ್ತದೆ.

ಇದಕ್ಕೆ ಯಂತ್ರದೊಳಗೆ ಪರಿಹಾರ ಹುಡುಕುವುದಕ್ಕಿಂತ ಕನ್ನಡ ಓದಬಲ್ಲ ಒಂದಿಬ್ಬರು ಪರಿಶೀಲಕರಿರುವುದು ಮೇಲು. ಅಲ್ಲಿಯವರೆಗೆ ವಚನ, ಕೀರ್ತನೆ, ಗಾದೆಗಳನ್ನು ಉಲ್ಲೇಖದ ಚೌಕಟ್ಟಿನಲ್ಲಿಟ್ಟು, ಕರ್ತೃವಿನ ಹೆಸರನ್ನೋ ಮೂಲವನ್ನೋ ಸ್ಪಷ್ಟವಾಗಿ ಬರೆಯಿರಿ. ಇಂಗ್ಲಿಷಿನಲ್ಲಿ ಎರಡು ಸಾಲಿನ ಸಾರಾಂಶ ಸೇರಿಸಿದರೆ ನಿಮ್ಮ ಬರಹವನ್ನು ನೋಡುವ ಪರಭಾಷಿಕ ಪರಿಶೀಲಕನಿಗೂ ನೆರವಾಗುತ್ತದೆ.

ಹಣ ಕೊಟ್ಟರೆ ಮತ ಹಾಕುವ ಬಾಟ್‌ಗಳು ಇದ್ದವಂತೆ, ನಿಜವೇ?

ನಿಜ. ಅವುಗಳನ್ನು ಬಿಡ್ ಬಾಟ್ ಎನ್ನುತ್ತಿದ್ದರು. 2017ರಿಂದ 2019ರವರೆಗೆ ಸ್ಟೀಮ್‌ನಲ್ಲಿ ಅವುಗಳದೇ ಕಾರುಬಾರು. ನೀವು ಬಾಟ್‌ನ ಖಾತೆಗೆ ಟೋಕನ್ ಕಳುಹಿಸಿ, ಮೆಮೋ ಜಾಗದಲ್ಲಿ ನಿಮ್ಮ ಬರಹದ ಕೊಂಡಿ ಹಾಕಬೇಕು. ಬಾಟ್ 2.4 ಗಂಟೆಯ ಒಂದು ಸುತ್ತಿನಲ್ಲಿ ಬಂದ ಹಣವನ್ನೆಲ್ಲ ಒಟ್ಟುಗೂಡಿಸಿ, ಯಾರು ಎಷ್ಟು ಕೊಟ್ಟರೋ ಅದೇ ಪ್ರಮಾಣದಲ್ಲಿ ತನ್ನ ಮತವನ್ನು ಹಂಚುತ್ತಿತ್ತು. ಬಾಟ್‌ನ ಬಲ ಅದರದ್ದಲ್ಲ. ದೊಡ್ಡ ಪಾಲುದಾರರು ತಮ್ಮ ಪವರ್ ಅನ್ನು ಅದಕ್ಕೆ ಡೆಲಿಗೇಟ್ ಮಾಡಿ (ಬಳಸಲು ಎರವಲು ಕೊಟ್ಟು), ಬಂದ ಹಣದಲ್ಲಿ ಪಾಲು ಪಡೆಯುತ್ತಿದ್ದರು.

ಫಲಿತಾಂಶ ಟ್ರೆಂಡಿಂಗ್ ಪುಟದಲ್ಲಿ ಕಾಣುತ್ತಿತ್ತು. ಒಳ್ಳೆಯ ಬರಹಗಳನ್ನು ಮೇಲೆ ತರಬೇಕಿದ್ದ ಆ ಪುಟ ದುಡ್ಡು ಕೊಟ್ಟವರ ಜಾಹೀರಾತು ಫಲಕವಾಯಿತು. 2017ರ ಜೂನ್‌ನಲ್ಲಿ ಬಂದ 19ನೇ ಹಾರ್ಡ್ ಫೋರ್ಕ್ (ಸರಪಳಿಯ ನಿಯಮಗಳನ್ನೇ ಬದಲಿಸುವ ಪರಿಷ್ಕರಣೆ) ಇದಕ್ಕೆ ಹಾದಿ ಮಾಡಿಕೊಟ್ಟಿತು ಎಂದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಬಹುಮಾನ ಮತದ ತೂಕದ ವರ್ಗಕ್ಕೆ ಅನುಗುಣವಾಗಿತ್ತು, ತೂಕ ಇಮ್ಮಡಿಯಾದರೆ ಬಹುಮಾನ ನಾಲ್ಕು ಪಟ್ಟು. ದೊಡ್ಡ ಪಾಲುದಾರರಿಗೆ ಅತಿಯಾದ ಬಲವಿದೆ ಎಂದು ಅದನ್ನು ಸರಳ ಅನುಪಾತಕ್ಕೆ ಇಳಿಸಿದರು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಅಂದಿನಿಂದ ಪ್ರತಿ ಮತಕ್ಕೂ ಮೊದಲೇ ಲೆಕ್ಕ ಹಾಕಬಹುದಾದ ಬೆಲೆ ಬಂತು. ಬೆಲೆ ಗೊತ್ತಿರುವ ವಸ್ತುವಿಗೆ ಮಾರುಕಟ್ಟೆ ಹುಟ್ಟದೆ ಇರಲಿಲ್ಲ.

ಅವು ನಿಂತದ್ದು ಹೇಗೆ?

2019ರ ಆಗಸ್ಟ್‌ನ 21ನೇ ಹಾರ್ಡ್ ಫೋರ್ಕ್ ಲೆಕ್ಕವನ್ನೇ ಬದಲಿಸಿತು. ಮೊದಲು ಬಹುಮಾನದಲ್ಲಿ ಶೇ. 75 ಲೇಖಕನಿಗೆ, ಶೇ. 25 ಮತದಾರರಿಗೆ ಹೋಗುತ್ತಿತ್ತು. ಅದನ್ನು ಅರ್ಧ ಅರ್ಧ ಮಾಡಿದರು. ಹಣ ಕೊಟ್ಟು ಮತ ಕೊಳ್ಳುವ ಲೇಖಕನ ಲಾಭ ಕುಗ್ಗಿತು, ಪ್ರಾಮಾಣಿಕವಾಗಿ ಮತ ಹಾಕುವವನ ಗಳಿಕೆ ಹೆಚ್ಚಿತು. ಅದರ ಜೊತೆಗೇ ಡೌನ್‌ವೋಟ್‌ಗೆ ಬೇರೆಯದೇ ಮೀಸಲು ಬಂತು, ಮತಶಕ್ತಿಯ ಶೇ. 25ರಷ್ಟು. ಅಲ್ಲಿಯವರೆಗೆ ಡೌನ್‌ವೋಟ್ ಹಾಕುವವನು ತನ್ನ ಅಪ್‌ವೋಟ್‌ನ ಗಳಿಕೆಯನ್ನು ಬಿಟ್ಟುಕೊಡಬೇಕಿತ್ತು. ಹಾಗಾಗಿ ಕಸ ಗುಡಿಸುವ ಕೆಲಸ ನಷ್ಟದ ಕೆಲಸವಾಗಿತ್ತು. ಹೊಸ ನಿಯಮದ ನಂತರ ಕೊಂಡ ಮತಗಳ ಮೇಲೆ ಡೌನ್‌ವೋಟ್‌ಗಳು ಬೀಳತೊಡಗಿದವು. ಹಲವು ಬಿಡ್ ಬಾಟ್‌ಗಳು ಬಾಗಿಲು ಮುಚ್ಚಿದವು, ಕೆಲವು ಬರಹ ಆಯ್ದು ಮತ ಹಾಕುವ ಕಡೆಗೆ ತಿರುಗಿದವು.

ಬೋಧನೆ, ಬೈಗುಳ, ಕಪ್ಪುಪಟ್ಟಿಗಳಿಂದ ಆಗದೇ ಇದ್ದದ್ದು ಮೂರ್ನಾಲ್ಕು ಸಂಖ್ಯೆಗಳನ್ನು ಬದಲಿಸಿದಾಗ ಆಯಿತು.

ಓದದೆಯೇ ಮತ ಹಾಕುವ ಬಾಟ್‌ಗಳು ಇಷ್ಟೊಂದು ಏಕೆ?

ಬೇಗ ಮತ ಹಾಕಿದವರಿಗೆ ಹೆಚ್ಚು ಪಾಲು ಎಂಬ ಹಳೆಯ ನಿಯಮ ಇದಕ್ಕೆ ಮೂಲ. ಬರಹ ಜನಪ್ರಿಯವಾಗುವ ಮೊದಲೇ ಗುರುತಿಸಿದವರಿಗೆ ಬಹುಮಾನ ಸಿಗಲಿ ಎಂಬುದು ಆಶಯ. ಬಾಟ್‌ಗಳು ಅದನ್ನು ಓಟದ ಪಂದ್ಯವಾಗಿಸಿದವು. ಯಾವ ಲೇಖಕನಿಗೆ ದೊಡ್ಡ ಮತ ಯಾವಾಗ ಬೀಳುತ್ತದೆ ಎಂದು ಲೆಕ್ಕ ಹಾಕಿ, ಅದಕ್ಕಿಂತ ಕೆಲವು ಸೆಕೆಂಡು ಮೊದಲು ನುಗ್ಗುತ್ತಿದ್ದವು. ತಡೆಯಲೆಂದು ಮೊದಲ 30 ನಿಮಿಷಗಳಲ್ಲಿ ಹಾಕಿದ ಮತದ ಗಳಿಕೆಯನ್ನು ಕಡಿತಗೊಳಿಸುವ ನಿಯಮವಿತ್ತು. ಆಮೇಲೆ ಅದನ್ನು 15 ನಿಮಿಷಕ್ಕೆ, ಮುಂದೆ 5 ನಿಮಿಷಕ್ಕೆ ಇಳಿಸಿದರು. 5 ನಿಮಿಷದಲ್ಲಿ ಒಂದು ದೀರ್ಘ ಲೇಖನವನ್ನು ಓದಿ ಮುಗಿಸಲಾಗದ ಮನುಷ್ಯ ಈ ಪಂದ್ಯದಲ್ಲಿ ಗೆಲ್ಲುವಂತಿರಲಿಲ್ಲ.

ಹೈವ್ 2021ರ ಜೂನ್‌ನ 25ನೇ ಹಾರ್ಡ್ ಫೋರ್ಕ್‌ನಲ್ಲಿ ಈ ಪಂದ್ಯವನ್ನೇ ನಿಲ್ಲಿಸಿತು. ಮೊದಲ 24 ಗಂಟೆಗಳಲ್ಲಿ ಯಾವಾಗ ಮತ ಹಾಕಿದರೂ ಸಮಾನ ಗಳಿಕೆ. ರಾತ್ರಿ ಪ್ರಕಟವಾದದ್ದನ್ನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದಿ ಮತ ಹಾಕಿದರೂ ನಷ್ಟವಿಲ್ಲ. ಈ ವೇದಿಕೆಯ ಇತಿಹಾಸದಲ್ಲಿ ಓದುಗರ ಪರವಾಗಿ ಆದ ಅತ್ಯುತ್ತಮ ಬದಲಾವಣೆ ಇದೇ ಎಂದು ನನಗನಿಸುತ್ತದೆ. ಆದರೂ ಸ್ವಯಂಚಾಲಿತ ಮತ ಹೋಗಿಲ್ಲ. ಮೆಚ್ಚಿನ ಲೇಖಕರ ಪಟ್ಟಿ ಮಾಡಿಕೊಂಡು ಅವರು ಬರೆದಾಗಲೆಲ್ಲ ಮತ ಬೀಳುವಂತೆ ಇಡುವವರು ಅನೇಕರಿದ್ದಾರೆ.

ಕ್ಯುರೇಶನ್ ಟ್ರೇಲ್ ಎಂದರೇನು? ಸೇರಿದರೆ ತಪ್ಪೇ?

ನೀವು ನಂಬುವ ಒಂದು ಖಾತೆ ಯಾವುದಕ್ಕೆ ಮತ ಹಾಕುತ್ತದೋ ನಿಮ್ಮ ಖಾತೆಯೂ ಅದಕ್ಕೇ ಮತ ಹಾಕುವ ಏರ್ಪಾಡು. ತಪ್ಪೇನಿಲ್ಲ. ದಿನವೆಲ್ಲ ದುಡಿಯುವವರಿಗೆ ಓದಿ ಆಯ್ಕೆ ಮಾಡುವಷ್ಟು ಬಿಡುವಿರುವುದಿಲ್ಲ. ಮುಂದೆ ನಡೆಯುವ ಖಾತೆಯ ಹಿಂದೆ ನಿಜವಾಗಿ ಓದುವ ಜನರಿದ್ದಾರೆಯೇ ಎಂದು ಮಾತ್ರ ನೋಡಿಕೊಳ್ಳಿ. ಡೌನ್‌ವೋಟ್ ಟ್ರೇಲ್ ಸೇರುವ ಮುನ್ನ ಹತ್ತು ಸಲ ಯೋಚಿಸಿ, ಏಕೆಂದರೆ ನೀವು ನೋಡಿಯೇ ಇರದ ಬರಹಗಾರನ ಗಳಿಕೆಯ ಮೇಲೆ ನಿಮ್ಮ ಹೆಸರಿನ ಏಟು ಬೀಳುತ್ತದೆ.

ದೊಡ್ಡ ಖಾತೆಯೊಂದರ ಬಾಟ್ ನನ್ನ ಪ್ರತಿಯೊಂದು ಬರಹಕ್ಕೂ ಡೌನ್‌ವೋಟ್ ಹಾಕುತ್ತಿದೆ. ಯಾರಿಗೆ ದೂರು ಕೊಡಲಿ?

ದೂರು ಕೊಡಲು ಕಚೇರಿ ಇಲ್ಲ. ಇದು ಕಹಿಯಾದ ಸತ್ಯ, ಸಕ್ಕರೆ ಸವರಿ ಹೇಳಲಾರೆ. ವೈಯಕ್ತಿಕ ಸಿಟ್ಟಿಗೆ ಬಾಟ್ ಛೂ ಬಿಟ್ಟರೆ ಅದಕ್ಕೆ ಆಯಾಸವೂ ಇಲ್ಲ, ಮರೆವೂ ಇಲ್ಲ. ಸಣ್ಣ ಪಾಲಿನ ಬರಹಗಾರನಿಗೆ ತಿರುಗಿ ಹೊಡೆಯುವ ಬಲವಿರುವುದಿಲ್ಲ, ಹೊಡೆದರೂ ಏಟು ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ.

ಮೊದಲು ಕಾರಣ ತಿಳಿದುಕೊಳ್ಳಿ. ಎಲ್ಲ ಮತಗಳೂ ಸಾರ್ವಜನಿಕ. ಸರಪಳಿಯ ದಾಖಲೆ ತೋರಿಸುವ ಬ್ಲಾಕ್ ಎಕ್ಸ್‌ಪ್ಲೋರರ್ ತಾಣದಲ್ಲಿ ಆ ಖಾತೆಯ ಇತಿಹಾಸ ನೋಡಿದರೆ ನಿಮ್ಮೊಬ್ಬರನ್ನೇ ಗುರಿ ಮಾಡಿದೆಯೇ ಅಥವಾ ಒಂದು ಬಗೆಯ ಎಲ್ಲ ಬರಹಗಳನ್ನೂ ಹೊಡೆಯುತ್ತಿದೆಯೇ ಎಂದು ಗೊತ್ತಾಗುತ್ತದೆ. ಎರಡನೆಯದಾದರೆ ನಿಯಮವನ್ನು ಕೇಳಿ ತಿಳಿದು ಸರಿಪಡಿಸಿಕೊಳ್ಳಬಹುದು. ಮೊದಲನೆಯದಾದರೆ ದಾಖಲೆ ಸಮೇತ ಸಮುದಾಯದ ಮುಂದಿಡಿ. ಬೇರೆ ದೊಡ್ಡ ಪಾಲುದಾರರು ಅನ್ಯಾಯವನ್ನು ಕಂಡು ತಮ್ಮ ಅಪ್‌ವೋಟ್‌ನಿಂದ ಸರಿದೂಗಿಸಬಲ್ಲರು. ಆ ಬಾಟ್‌ಗೆ ಪವರ್ ಡೆಲಿಗೇಟ್ ಮಾಡಿದವರು ಯಾರೆಂದೂ ನೋಡಿ. ಎಷ್ಟೋ ಸಲ ಅವರಿಗೆ ತಮ್ಮ ಬಲ ಎಲ್ಲಿ ಬಳಕೆಯಾಗುತ್ತಿದೆ ಎಂಬುದೇ ತಿಳಿದಿರುವುದಿಲ್ಲ. ಡೆಲಿಗೇಶನ್ ಹಿಂಪಡೆಯುವ ಹಕ್ಕು ಅವರಿಗಿದೆ, ಅದು ಅವರ ಕೈಗೆ ಮರಳಲು 5 ದಿನ ಸಾಕು.

2020ರ ಸ್ಟೀಮ್ ಗಲಾಟೆಗೂ ಬಾಟ್‌ಗಳಿಗೂ ಸಂಬಂಧವಿದೆಯೇ?

ನೇರ ಸಂಬಂಧವಿಲ್ಲ. ಆದರೆ ಪರರ ಪಾಲಿನಿಂದ ಮತ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. 2020ರ ಫೆಬ್ರುವರಿಯಲ್ಲಿ ಜಸ್ಟಿನ್ ಸನ್ ಅವರ ಟ್ರಾನ್ ಎಂಬ ಬ್ಲಾಕ್‌ಚೈನ್ ಸಂಸ್ಥೆ, ಸ್ಟೀಮ್‌ನ ಹಿಂದಿದ್ದ ಸ್ಟೀಮಿಟ್ ಕಂಪನಿಯನ್ನು ಕೊಂಡಿತು. ಕಂಪನಿಯ ಬಳಿಯಿದ್ದ ಬೃಹತ್ ಪಾಲನ್ನು ವಿಟ್ನೆಸ್‌ಗಳು ತಾತ್ಕಾಲಿಕವಾಗಿ ತಡೆಹಿಡಿದರು. ಮಾರ್ಚ್ 2ರಂದು ಬೈನಾನ್ಸ್, ಹುವೋಬಿ, ಪೊಲೊನೆಕ್ಸ್ ಎಕ್ಸ್‌ಚೇಂಜ್‌ಗಳಲ್ಲಿ (ಟೋಕನ್ ಕೊಂಡು ಮಾರುವ ತಾಣಗಳಲ್ಲಿ) ಗ್ರಾಹಕರು ಇಟ್ಟಿದ್ದ ಟೋಕನ್‌ಗಳಿಗೆ ಬೀಗ ಹಾಕಿ, ಆ ಬಲದಿಂದ ಮತ ಹಾಕಿದ್ದರಿಂದ ಮೇಲಿನ 20 ವಿಟ್ನೆಸ್‌ಗಳ ಸ್ಥಾನಕ್ಕೆ ಬೇರೆಯವರು ಬಂದರು. ಸಮುದಾಯದ ದೊಡ್ಡ ಭಾಗ ಮಾರ್ಚ್ 20ರಂದು ಹೈವ್ ಎಂಬ ಹೊಸ ಸರಪಳಿಗೆ ಹೊರಟುಹೋಯಿತು. ಹೊಸದಾಗಿ ಬೀಗ ಹಾಕಿದ ಟೋಕನ್‌ಗಳು 30 ದಿನ ಕಳೆಯುವವರೆಗೆ ವಿಟ್ನೆಸ್ ಆಯ್ಕೆಯಲ್ಲಿ ಎಣಿಕೆಗೆ ಬರಬಾರದು ಎಂಬ ನಿಯಮವನ್ನು ಹೈವ್ ಆಮೇಲೆ ತಂದಿತು.

ಸ್ವಯಂಚಾಲಿತ ಮತದ ಸೇವೆಗೆ ನನ್ನ ಕೀ ಕೊಡಬಹುದೇ?

ಓನರ್ ಕೀ, ಆಕ್ಟಿವ್ ಕೀ ಎರಡನ್ನೂ ಯಾರಿಗೂ ಕೊಡಬೇಡಿ. ಆಕ್ಟಿವ್ ಕೀ ಇದ್ದರೆ ನಿಮ್ಮ ಟೋಕನ್ ವರ್ಗಾಯಿಸಬಹುದು, ಓನರ್ ಕೀ ಇದ್ದರೆ ಖಾತೆಯನ್ನೇ ಕಸಿಯಬಹುದು. ಮತಕ್ಕೆ ಪೋಸ್ಟಿಂಗ್ ಅಧಿಕಾರ ಸಾಕು. ಅದನ್ನೂ ಕೀ ಕೊಡದೆ, ನಿಮ್ಮ ಖಾತೆಯಲ್ಲಿ ಸೇವೆಯ ಖಾತೆಗೆ ಅನುಮತಿ ಬರೆದುಕೊಡುವ ಮೂಲಕ ನೀಡಬಹುದು. ಬೇಡವೆನಿಸಿದಾಗ ಅನುಮತಿ ತೆಗೆದುಹಾಕಿ. ಪೋಸ್ಟಿಂಗ್ ಅನುಮತಿ ಇದ್ದವರು ನಿಮ್ಮ ಹೆಸರಿನಲ್ಲಿ ಬರಹ, ಪ್ರತಿಕ್ರಿಯೆಗಳನ್ನೂ ಹಾಕಬಲ್ಲರು ಎಂಬುದು ನೆನಪಿರಲಿ.

ಎಐ ಬರೆದ ಬರಹಗಳನ್ನು ಹಿಡಿಯಲು ಬಾಟ್ ಇಡಬಹುದೇ?

ಶಂಕೆ ಗುರುತಿಸಲು ಇಡಬಹುದು, ಶಿಕ್ಷಿಸಲು ಬೇಡ. ನಕಲಿಗೆ ಮೂಲದ ಕೊಂಡಿಯನ್ನು ಸಾಕ್ಷಿಯಾಗಿ ತೋರಿಸಬಹುದು, ಇಲ್ಲಿ ಅಂಥ ಸಾಕ್ಷಿಯಿಲ್ಲ. ಪತ್ತೆ ಸಾಧನಗಳು ಕೊಡುವುದು ಸಂಭವನೀಯತೆಯ ಒಂದು ಅಂಕ. ಕಲಿತ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆಯುವವರನ್ನು ಅವು ಯಂತ್ರವೆಂದು ತಪ್ಪಾಗಿ ಭಾವಿಸುವ ಅಪಾಯವಿದೆ. ನಮ್ಮಂಥ ದೇಶದವರಿಗೆ ಇದು ದೂರದ ಮಾತಲ್ಲ. ಅಂಥ ಅಂಕವನ್ನೇ ನೆಚ್ಚಿಕೊಂಡು ಒಬ್ಬರ ದುಡಿಮೆಯನ್ನು ಸೊನ್ನೆ ಮಾಡುವುದನ್ನು ನಾನು ಒಪ್ಪಲಾರೆ.

ನಾನೇ ಒಂದು ಮಾಡರೇಷನ್ ಬಾಟ್ ನಡೆಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಪೈಥಾನ್ ಬಲ್ಲವರಿಗೆ ಬೀಮ್, ಜಾವಾಸ್ಕ್ರಿಪ್ಟ್ ಬಲ್ಲವರಿಗೆ ಡಿಹೈವ್ ಎಂಬ ಲೈಬ್ರರಿಗಳಿವೆ. ಬ್ಲಾಕ್‌ಗಳನ್ನು ಓದಿ ಮತ ಹಾಕುವ ಮೂಲ ಪ್ರೋಗ್ರಾಂ ಐವತ್ತು ಸಾಲು ಮೀರುವುದಿಲ್ಲ. ಕಷ್ಟದ ಕೆಲಸ ಅದರ ಹೊರಗಿದೆ.

ಬಾಟ್‌ಗೆ ಪ್ರತ್ಯೇಕ ಖಾತೆ ತೆರೆಯಿರಿ, ಪ್ರೊಫೈಲ್‌ನಲ್ಲಿ ಅದು ಬಾಟ್ ಎಂದೂ ನಡೆಸುವವರ ಖಾತೆ ಯಾವುದೆಂದೂ ಬರೆಯಿರಿ. ಮೊದಲ ಕೆಲವು ವಾರ ಮತ ಹಾಕಿಸಬೇಡಿ. ಹಾಕಬಹುದಾಗಿದ್ದ ಮತಗಳನ್ನು ಒಂದು ಕಡತದಲ್ಲಿ ಬರೆಸಿ, ನೀವೇ ಕುಳಿತು ಒಂದೊಂದನ್ನೂ ತೆರೆದು ನೋಡಿ. ತಪ್ಪುಗಳು ಕಂಡಾಗ ನಿಯಮ ತಿದ್ದಿ. ಒಂದೇ ಪ್ರತಿಕ್ರಿಯೆಯನ್ನು ನೂರು ಕಡೆ ಅಂಟಿಸುವವರು, ಮೋಸದ ತಾಣದ ಕೊಂಡಿ ಹಂಚುವವರು, ಇವು ಯಂತ್ರಕ್ಕೆ ಒಗ್ಗುವ ಗುರಿಗಳು. ‘ಗುಣಮಟ್ಟ ಕಡಿಮೆ’ ಎಂಬುದನ್ನು ನಿಯಮವಾಗಿ ಬರೆಯಲು ಹೋಗಬೇಡಿ.

ಬೇರೆ ಬಾಟ್‌ಗಳ ಪ್ರತಿಕ್ರಿಯೆಗಳಿಗೆ ಉತ್ತರಿಸದಂತೆ ತಡೆ ಹಾಕಿ, ಇಲ್ಲದಿದ್ದರೆ ಎರಡು ಯಂತ್ರಗಳು ಒಂದಕ್ಕೊಂದು ಉತ್ತರಿಸುತ್ತಲೇ ಇರುತ್ತವೆ. ಒಬ್ಬ ಲೇಖಕನಿಗೆ ದಿನಕ್ಕೆ ಇಷ್ಟೇ ಡೌನ್‌ವೋಟ್ ಎಂಬ ಮಿತಿ ಇರಲಿ. ತಕ್ಷಣ ನಿಲ್ಲಿಸುವ ವ್ಯವಸ್ಥೆ ನಿಮ್ಮ ಮೊಬೈಲ್‌ನಲ್ಲೇ ಇರಲಿ. ಪ್ರತಿ ಡೌನ್‌ವೋಟ್‌ನ ಜೊತೆ ಯಾವ ನಿಯಮ ಮುರಿದಿದೆ, ಸಾಕ್ಷಿ ಯಾವುದು, ಯಾರನ್ನು ಸಂಪರ್ಕಿಸಬೇಕು ಎಂಬ ಮೂರು ಸಾಲು ಇರಬೇಕು. ದಿನಕ್ಕೊಮ್ಮೆ ಮೇಲ್ಮನವಿಗಳನ್ನು ಓದಲು ನಿಮಗೆ ಸಮಯವಿಲ್ಲದಿದ್ದರೆ, ಆ ಸಮಯ ಸಿಗುವವರೆಗೆ ಬಾಟ್‌ನಿಂದ ಡೌನ್‌ವೋಟ್ ಹಾಕಿಸಬೇಡಿ. ಚೀತಾ ಮಾಡುತ್ತಿದ್ದಂತೆ ಕೊಂಡಿ ತೋರಿಸುವ ಟಿಪ್ಪಣಿಯಷ್ಟೇ ಸಾಕು.